ಅತ್ತಿಮರ ಗಂಟು ಬಿಟ್ಟಿದ್ದು

ಲೋಕ ಹೊಸದಾಗಿದ್ದಾಗ ಎಲ್ಲರೂ ನಂಬಿದ್ದು ಒಂದೇ ಮಾತು: ಹೂ ಬಿಡದ ಮರ ದೇವರಿಗೆ ಬೇಡವಾದ ಮರ. ಹಾಗೆಂದು ಹೇಳಿದವರು ಯಾರು ಎಂದು ಯಾರೂ ಕೇಳಿರಲಿಲ್ಲ. ದೇವರಂತೂ ಹೇಳಿರಲಿಲ್ಲ.

ಆ ದೇವರು ಹೊಳೆದಂಡೆಯ ಒಂದು ಉರುಟು ಕಲ್ಲು. ಸುತ್ತ ಮರಗಳು. ಎಲ್ಲಕ್ಕೂ ಹೂವಿತ್ತು, ಅತ್ತಿಗೆ ಮಾತ್ರ ಇರಲಿಲ್ಲ. ಅದು ಎಲೆಗಳಲ್ಲಿ ಇಬ್ಬನಿ ಹಿಡಿದಿಟ್ಟು, ಬೆಳಗಾದೊಡನೆ ಬಾಗಿ ಕಲ್ಲಿನ ತಲೆಗೆ ಎರೆಯುತ್ತಿತ್ತು.

"ಏನೋ ಅತ್ತಿ, ಇವತ್ತೂ ನೀರೇನಾ?" ಎನ್ನುತ್ತಿತ್ತು ಸಂಪಿಗೆ. ಮರಗಳಿಗೆಲ್ಲ ಅದೇ ಯಜಮಾನ.

"ಇರೋದು ಅದೇ ಅಣ್ಣ."

"ಮೊದಲ ಪೂಜೆ ಬರ್ತಾ ಇದೆ. ಅವತ್ತು ಹೂ ತರದಿದ್ರೆ ಈ ದಂಡೆ ಬಿಟ್ಟು ಆ ಬೋಳುಗುಡ್ಡದ ಮೇಲೆ ಹೋಗಿ ನಿಂತುಕೋ. ಅಲ್ಲಿ ನೀರೂ ಇರಲ್ಲ."

ಆಗ ಮರಗಳಿಗೆ ನಡೆಯಲು ಬರುತ್ತಿತ್ತು. ಅತ್ತಿಗೆ ಭಯವಾಯಿತು. "ಒಂದೇ ಒಂದು ಹೂ ಕೊಡಪ್ಪ" ಎಂದು ಕಲ್ಲನ್ನು ಬೇಡಿತು. ಕಲ್ಲು ಸುಮ್ಮನಿತ್ತು. ಕಲ್ಲುಗಳು ಹಾಗೆಯೇ.

ಪೂಜೆ ಹತ್ತಿರ ಬಂದಾಗ ಅತ್ತಿಯ ಮೈ ಬಿರಿಯಿತು. ರೆಂಬೆಯ ತುದಿಯಲ್ಲಲ್ಲ, ಬೊಡ್ಡೆಯ ಮೇಲೆ. ಬಂದದ್ದು ಹೂವಲ್ಲ, ಹಸಿರು ಗಂಟುಗಳು. ಗೊಂಚಲು ಗೊಂಚಲು.

ಪಕ್ಕದ ಹೊಂಗೆ ನಕ್ಕಿತು. "ಹೂ ಕೇಳಿದ್ದಕ್ಕೆ ಬಾವು ಕೊಟ್ಟನಲ್ಲೋ ನಿನ್ನ ದೇವರು. ನಾನಾಗಿದ್ರೆ ನೀರು ಹಾಕೋದು ನಿಲ್ಲಿಸ್ತಿದ್ದೆ."

"ಹೂ ಕೊಟ್ಟರೆ ಮಾತ್ರ ಎರೀತೀನಿ ಅಂತ ನಾನೇನು ಹೇಳಿರಲಿಲ್ಲವಲ್ಲ ಅಕ್ಕ," ಎಂದಿತು ಅತ್ತಿ. ಮರುದಿನ ಬೆಳಗ್ಗೆಯೂ ಬಾಗಿ ಇಬ್ಬನಿ ಎರೆಯಿತು.

ಪೂಜೆಯ ದಿನ ಬಂತು. ಹೂ ಹೊತ್ತು ತಂದದ್ದು ಗಾಳಿ. ಪೂಜೆ ಮಾಡುವವಳು ಹೊಳೆ. ಮೂಸಿದ ಹೂ ದೇವರಿಗೆ ಸಲ್ಲುವುದಿಲ್ಲ. ಆ ನಿಯಮ ಅಂದೂ ಇತ್ತು.

"ದಾರೀಲಿ ಮೂಸಿಲ್ಲ ತಾನೆ?" ಎಂದಳು ಹೊಳೆ.

"ಮೂಸದೆ ಹೊರೋದು ಹೇಗವ್ವ? ನಾನು ಗಾಳಿ."

ಹೊಳೆ ಅಷ್ಟೂ ಹೂಗಳನ್ನು ತೇಲಿಬಿಟ್ಟಳು. ಸಂಪಿಗೆಯ ಮುಖ ಬಾಡಿತು. ದೇವರ ತಲೆ ಬರಿದಾಗಿ ಉಳಿಯಿತು.

ಅತ್ತಿ ಎಂದಿನಂತೆ ಇಬ್ಬನಿ ಎರೆಯಲು ಬಾಗಿತು. ಗಂಟೊಂದು ಕಳಚಿ ಕಲ್ಲಿನ ಮೇಲೆ ಬಿದ್ದು ಒಡೆಯಿತು. ಹೊಳೆ ಇಣುಕಿದಳು. ಗಾಳಿಯ ಮೂಗು ಹೋಗದ ಜಾಗ ಅದೊಂದೇ.

"ಸಂಪಿಗೆಯಣ್ಣ, ಬಾ ಇಲ್ಲಿ. ಎಣಿಸು ನೋಡೋಣ."

ಸಂಪಿಗೆ ಬಗ್ಗಿತು. ಎಣಿಸಿ ಎಣಿಸಿ ಸೋತಿತು. ಒಳಗೆ ಪುಟ್ಟ ಹುಳುಗಳೂ ಇದ್ದವು. ಹುಳುವಿಗೆ ಮೂಗಿಲ್ಲ ಎಂದು ಹೊಳೆ ತೀರ್ಮಾನಿಸಿದಳು.

ಮೊದಲ ಪೂಜೆ ಅತ್ತಿಯದಾಯಿತು. ಅದು ಹೊಳೆದಂಡೆ ಬಿಟ್ಟು ಕದಲಲಿಲ್ಲ.

ಅತ್ತಿಗೆ ಹೂವಿಲ್ಲ ಎನ್ನುವವರು ಈಗಲೂ ಸಿಗುತ್ತಾರೆ. ಅವರೊಡನೆ ವಾದ ಬೇಡ, ಮಗು. ಬೊಡ್ಡೆಯಿಂದ ಒಂದು ಕಾಯಿ ಕಿತ್ತು ಸೀಳಿ ತೋರಿಸು. ಒಳಗಿರುವುದೆಲ್ಲ ಹೂವೇ.