ಎಲ್ಲಿಗೆ ಎಂದು ಕೇಳದ ಓಣಿ

“ಗುರುಗಳೇ, ಗಾಡಿ ಕಡಿಮೆ ಪೆಟ್ರೋಲು ಕುಡಿಯಬೇಕಾದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಯಾವುದು?” ಎಂದು ಪರ್ವತಯ್ಯ ಕೇಳಿದ.

ಪರ್ವತಯ್ಯ ಮಠದ ಗಾಡಿಗಳನ್ನು ನೋಡಿಕೊಳ್ಳುವ ಶಿಷ್ಯ. ಪ್ರಶ್ನೆ ಕೇಳುವ ಮೊದಲೇ ನಾಲ್ಕು ಉತ್ತರ ಕಟ್ಟಿಕೊಂಡು ಬರುವುದು ಅವನ ಅಭ್ಯಾಸ. ಪೇಟೆಯ ಮೆಕ್ಯಾನಿಕ್ಕುಗಳನ್ನು ಕಂಡು ಬಂದಿದ್ದ, ಲಾರಿ ಓಡಿಸುವವರನ್ನು ಕಂಡು ಬಂದಿದ್ದ. ಟೈರಿನಲ್ಲಿ ಗಾಳಿ ಸರಿಯಾಗಿರಬೇಕು, ನಿಂತಲ್ಲಿ ಇಂಜಿನ್ ಆರಿಸಬೇಕು, ಬೇಡದ ಭಾರ ಹೊರಬಾರದು, ಗೇರು ಮೆತ್ತಗೆ ಬದಲಾಯಿಸಬೇಕು ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಇವುಗಳಲ್ಲಿ ಯಾವುದು ದೊಡ್ಡದೆಂದು ಗುರುಗಳು ಹೇಳಬೇಕಿತ್ತು.

“ಇಷ್ಟೆಲ್ಲ ತಿಳಿದುಕೊಂಡ ಮೇಲೆ ನನ್ನನ್ನು ಯಾಕೆ ಕೇಳುತ್ತೀಯಪ್ಪ?” ಎಂದರು ಗುರುಗಳು. “ನಾನು ಗಾಡಿ ಓಡಿಸಿದವನಲ್ಲ. ನೀನು ಓಡಿಸುವ ಗಾಡಿಯಲ್ಲಿ ಕೂತು ಸೊಂಟ ನೋಯಿಸಿಕೊಂಡವನು. ನನಗೆ ಗೊತ್ತಿರುವುದು ಒಂದು ಕತೆ. ಕೂತುಕೋ. ನಡುವೆ ಬಾಯಿ ಹಾಕಬೇಡ.”

ಪರ್ವತಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನ ಒಂದು ಓಣಿಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಮನೆಯ ಗೋಡೆಗೆ ಹತ್ತಿಕೊಂಡೇ ಒಬ್ಬ ರೈತನ ಮನೆ. ಹೆಸರು ಕೇಳಬೇಡ. ಇಬ್ಬರೂ ಈಗಲೂ ಅಮಾವಾಸ್ಯೆಗೆ ಮಠಕ್ಕೆ ಬರುತ್ತಾರೆ, ಪಂಕ್ತಿಯಲ್ಲಿ ನಿನ್ನ ಎದುರಿಗೇ ಕೂತು ಉಣ್ಣುತ್ತಾರೆ. ಒಳ್ಳೆಯ ಜನ. ಹಬ್ಬ ಬಂದರೆ ಈ ಮನೆಯ ಹೋಳಿಗೆ ಆ ಮನೆಗೆ, ಆ ಮನೆಯ ಕಡುಬು ಈ ಮನೆಗೆ ಗೋಡೆಯ ಮೇಲಿಂದಲೇ ಹೋಗುತ್ತಿತ್ತು.

ಮನೆಯಿಂದ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ಮಾತು ನಮ್ಮಲ್ಲಿದೆಯಲ್ಲ. ನಿನ್ನ ತಾಯಿಯೂ ಹೇಳಿರುತ್ತಾಳೆ. ಎಲ್ಲ ಊರಿನಲ್ಲೂ ಆ ಮಾತಿದೆ. ಎಲ್ಲ ಊರಿನಲ್ಲೂ ಜನ ಮರೆತು ಕೇಳಿಬಿಡುತ್ತಾರೆ, ಹೊರಟವನು ಒಂದು ಸಲ ಮುಖ ಸಿಂಡರಿಸಿ ಹೋಗಿಬಿಡುತ್ತಾನೆ. ಆದರೆ ಈ ವ್ಯಾಪಾರಿ ಅಷ್ಟಕ್ಕೇ ಬಿಡುವವನಲ್ಲ. ಹಿಂದೊಮ್ಮೆ ಅವನ ಮಗಳಿಗೆ ಒಂದು ಸಂಬಂಧ ಬಂದಿತ್ತು. ಮಾತು ಮುಗಿಸಲು ಹೊರಟಾಗ, ಅಂಗಳ ಗುಡಿಸುತ್ತಿದ್ದ ರೈತನ ಹೆಂಡತಿ “ಎಲ್ಲಿಗಣ್ಣಾ ಇಷ್ಟು ಬೇಗ?” ಎಂದು ಬಾಯಿ ತಪ್ಪಿ ಕೇಳಿದಳು. ವ್ಯಾಪಾರಿ ಒಳಗೆ ಹೋಗಿ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಮತ್ತೆ ಹೊರಟ. ಆದರೂ ಸಂಬಂಧ ಮುರಿಯಿತು. ಆ ಹುಡುಗನ ಮನಸ್ಸಿನಲ್ಲಿ ಬೇರೊಬ್ಬ ಹುಡುಗಿ ಇದ್ದಳು, ಅದು ಊರಿಗೆಲ್ಲ ಗೊತ್ತಿತ್ತು. ವ್ಯಾಪಾರಿ ಮಾತ್ರ ರೈತನ ಹೆಂಡತಿಯ ಬಾಯಿಯನ್ನೇ ದೂರಿದ.

ಪಾಪ, ಅವಳು ಕಣ್ಣೀರು ಹಾಕಿದಳು. ಅಂದಿನಿಂದ ರೈತನ ಮನೆಯವರು ಬಾಯಿಗೆ ಬೀಗ ಹಾಕಿಕೊಂಡರು. ವ್ಯಾಪಾರಿ ಹೊಸ್ತಿಲು ದಾಟಿದರೆ ಇವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅವರನ್ನು ನೋಡಿ ಓಣಿಯ ಮಿಕ್ಕವರೂ ಹಾಗೇ ಕಲಿತರು. ದಿನಾ ಬೆಳಗ್ಗೆ ಆ ಓಣಿಯಿಂದ ಒಂದರ ಹಿಂದೊಂದು ಗಾಡಿ ಹೊರಡುತ್ತಿತ್ತು. ಒಂದೊಂದರ ಮೇಲೆ ಒಬ್ಬೊಬ್ಬನೇ. ಹೋಗುತ್ತಿದ್ದುದು ಎಲ್ಲರೂ ಒಂದೇ ಪೇಟೆಗೆ. ಆದರೆ ಒಬ್ಬನನ್ನೊಬ್ಬ ಕೇಳುವಂತಿರಲಿಲ್ಲ. ತೀರಾ ಬಾಯಿ ಕಡಿದರೆ “ದೂರ ಹೊರಟಿರಾ?” ಎನ್ನುತ್ತಿದ್ದರು. ಅದಕ್ಕೆ ಉತ್ತರ, “ಇಲ್ಲೇ ಸ್ವಲ್ಪ.” ಕಾಶಿಯಾತ್ರೆಗೆ ಹೊರಟ ಮುದುಕನೊಬ್ಬ ಕೂಡ “ಇಲ್ಲೇ ಸ್ವಲ್ಪ” ಎಂದೇ ಹೋದ ಓಣಿ ಅದು.

ಹೀಗಿರುವಾಗ ವ್ಯಾಪಾರಿಯ ಮಗಳಿಗೆ ಇನ್ನೊಂದು ಸಂಬಂಧ ಬಂತು, ಪೇಟೆಯದೇ. ಹುಡುಗಿಗೆ ಹುಡುಗ ಒಪ್ಪಿಗೆ, ಹುಡುಗನಿಗೆ ಹುಡುಗಿ ಒಪ್ಪಿಗೆ. ಹುಡುಗನ ತಂದೆ ಹೇಳಿ ಕಳಿಸಿದ: ಬುಧವಾರ ಹನ್ನೆರಡಕ್ಕೆ ರಾಹುಕಾಲ ಹತ್ತುತ್ತದೆ, ಅದಕ್ಕೆ ಮುಂಚೆ ಬನ್ನಿ, ಎಲೆ ಅಡಿಕೆ ಬದಲಾಯಿಸಿಬಿಡೋಣ, ನನ್ನ ಹೆಂಡತಿಯ ಕಡೆಯವರೂ ಹೆಣ್ಣು ಕೊಡುತ್ತೇವೆಂದು ಬರುವವರಿದ್ದಾರೆ, ತಡಮಾಡಬೇಡಿ. ವ್ಯಾಪಾರಿಗೆ ಅನ್ನ ರುಚಿಸಲಿಲ್ಲ. ಮಗಳೆಂದರೆ ಅವನಿಗೆ ಪ್ರಾಣ. ಇದೂ ತಪ್ಪಿದರೆ ಅವಳ ಮುಖ ಹೇಗೆ ನೋಡಲಿ ಎಂಬುದೇ ಚಿಂತೆ. ಕೆಲಸ ಆಗುವ ತನಕ ಯಾರ ಮುಂದೆಯೂ ಉಸಿರೆತ್ತಬಾರದೆಂದು ಹೆಂಡತಿಯಿಂದ ಆಣೆ ಮಾಡಿಸಿಕೊಂಡ.

ಹುಡುಗನ ತಂದೆ ಹುಷಾರಿ ಮನುಷ್ಯ. ರೈತ ಅವನಿಗೆ ಹಳೆಯ ಪರಿಚಯ. ಆದ್ದರಿಂದ ರೈತನಿಗೂ ಹೇಳಿ ಕಳಿಸಿದ: ಬುಧವಾರ ಬೆಳಗ್ಗೆ ಬಂದು ಹೋಗು, ನಿನ್ನ ನೆರೆಯವನು ಎಂಥವನೆಂದು ನಿನ್ನ ಬಾಯಿಂದ ಒಂದು ಮಾತು ಕೇಳಬೇಕು. ಆ ನೆರೆಯವನೂ ಅಂದೇ ಬರುತ್ತಾನೆಂದು ಮಾತ್ರ ತಿಳಿಸಲಿಲ್ಲ. ರೈತನಿಗೆ ಹಿಗ್ಗೋ ಹಿಗ್ಗು. ತನ್ನ ಮನೆಯವಳ ಮೇಲಿನ ಅಪವಾದ ತೊಳೆಯಲು ಇದೇ ಸಮಯ, ನೆರೆಯವನನ್ನು ಹೊಗಳಿ ಅಟ್ಟಕ್ಕೇರಿಸುತ್ತೇನೆ ಎಂದುಕೊಂಡ. ಆದರೆ ಯಾರ ಬಗ್ಗೆ ವಿಚಾರಿಸುತ್ತಾರೋ ಅವರಿಗೇ ಅದನ್ನು ಹೇಳುವುದು ಸರಿಯಲ್ಲವಲ್ಲ. ಅವನೂ ಸುಮ್ಮನಿದ್ದ.

ಆ ವಾರ ಬಂಕಿಗೆ ಪೆಟ್ರೋಲು ಬಂದಿರಲಿಲ್ಲ. ವ್ಯಾಪಾರಿಯ ಸ್ಕೂಟರಿನಲ್ಲಿ ಅರ್ಧ ದಾರಿಗೆ ಆಗುವಷ್ಟೇ ಇತ್ತು. ಬಸ್ಸಿರಲಿಲ್ಲವೇ ಎಂದು ಕೇಳಬೇಕೆಂದಿದ್ದೀಯ, ನಿನ್ನ ಮುಖ ನೋಡಿದರೇ ಗೊತ್ತಾಗುತ್ತದೆ. ಇತ್ತು. ಓಣಿಯ ಬಾಯಿಗೇ ಬಂದು ನಿಲ್ಲುತ್ತಿತ್ತು. ಆದರೆ ಬಸ್ಸು ಹತ್ತಿದ ಕೂಡಲೇ ಕಂಡಕ್ಟರು ಕೇಳುವುದೇನು? “ಎಲ್ಲಿಗೆ?” ಶುಭಕಾರ್ಯಕ್ಕೆ ಹೊರಟವನು ಅಂಥ ವಾಹನ ಹತ್ತುತ್ತಾನೆಯೇ? ಅವನು ಸ್ಕೂಟರು ಕೊಂಡದ್ದೇ ಆ ಕಂಡಕ್ಟರನ ಬಾಯಿಗೆ ಹೆದರಿ.

ಬುಧವಾರ ಬೆಳಗ್ಗೆ ವ್ಯಾಪಾರಿ ಯೋಚನೆ ಮಾಡಿದ. ಭಾರ ಇಳಿಸಿದರೆ ಗಾಡಿ ದೂರ ಹೋಗುತ್ತದೆ. ಸ್ಟೆಪ್ನಿ ಬಿಚ್ಚಿಟ್ಟ. ಹಿಂದಿನ ಸೀಟು ಬಿಚ್ಚಿಟ್ಟ. ಹೇಗೂ ಅದರ ಮೇಲೆ ಕೂರುವವರಿಲ್ಲ. ಹೆಂಡತಿ ಉಪ್ಪಿಟ್ಟು ತಂದರೆ, ತಿಂದರೆ ತೂಕ ಹೆಚ್ಚುತ್ತದೆ ಎಂದ. “ಹಾಗಾದರೆ ಹೊಟ್ಟೆಯನ್ನೂ ಬಿಚ್ಚಿಟ್ಟು ಹೋಗಿ,” ಎಂದಳು ಆ ತಾಯಿ. ಟೈರಿಗೆ ಗಾಳಿ ತುಂಬಿಸಿದ. ಎದುರುಗಾಳಿಗೆ ಬಗ್ಗಿ ಕೂತ. ಗೇರನ್ನು ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಿದ. ಪರ್ವತಯ್ಯ, ನೀನು ಕಲಿತು ಬಂದ ಉಪಾಯಗಳಲ್ಲಿ ಒಂದನ್ನೂ ಅವನು ಬಿಡಲಿಲ್ಲ.

ರೈತನಿಗೆ ಎಮ್ಮೆ ಕರೆಯುವಷ್ಟರಲ್ಲಿ ಬಸ್ಸು ಹೋಗಿತ್ತು. ಅವನ ಬೈಕಿನಲ್ಲೂ ಅರ್ಧ ದಾರಿಯದೇ ಪೆಟ್ರೋಲು. ಇವನ ಅರ್ಧ, ಅವನ ಅರ್ಧ. ಎರಡನ್ನೂ ಒಂದೇ ಗಾಡಿಗೆ ಸುರಿದು ಇಬ್ಬರೂ ಕೂತಿದ್ದರೆ ದಾರಿ ಪೂರ್ತಿ. ಎಮ್ಮೆ ಕಾಯುವ ಹುಡುಗರೂ ಮಾಡುವ ಲೆಕ್ಕ. ಆದರೆ ವ್ಯಾಪಾರಿ ಸ್ಕೂಟರು ಹೊರಗೆ ತಂದಾಗ ರೈತ ಏನು ಮಾಡಿದ ಗೊತ್ತೇ? ಎಲ್ಲಿ ಬಾಯಿ ತಪ್ಪುತ್ತದೋ ಎಂದು ಹೆದರಿ ಎಮ್ಮೆಯ ಹಿಂದೆ ಅವಿತುಕೊಂಡ.

ಅರ್ಧ ದಾರಿಗೆ ಸ್ಕೂಟರು ನಿಂತಿತು. ಸುತ್ತ ಜಾಲಿಗಿಡ ಬಿಟ್ಟರೆ ಒಂದು ಗುಡಿಸಲೂ ಇಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ರೈತ ಬಂದ. ಕಂಡೂ ಕಾಣದಂತೆ ಹೋಗುವುದು ಹೇಗೆ? ನಿಲ್ಲಿಸಿದ.

“ದೂರ ಹೊರಟಿರಾ, ಸಾವಕಾರರೇ?”

“ಇಲ್ಲೇ ಸ್ವಲ್ಪ. ನೀವು?”

“ನಾನೂ ಇಲ್ಲೇ ಸ್ವಲ್ಪ.”

ಇಲ್ಲೇ ಎಂದರೆ ಎಲ್ಲಿ? ಜಾಲಿಗಿಡದ ಮರೆಗೇ ಇರಬೇಕು, ಏನೋ ದೇಹಬಾಧೆಗೆ ನಿಂತಿದ್ದಾರೆ ಎಂದುಕೊಂಡು ರೈತ ಮರ್ಯಾದೆಯಿಂದ ಮುಖ ತಿರುಗಿಸಿ ಮುಂದೆ ಹೋದ. ವ್ಯಾಪಾರಿಗೆ ಕೂಗಿ ನಿಲ್ಲಿಸಬೇಕೆನಿಸಿತು. ಹತ್ತಿಕೊಂಡರೆ ಎಲ್ಲಿಗೆಂದು ಹೇಳಬೇಕಾಗುತ್ತದಲ್ಲ ಎಂದು ನಾಲಿಗೆ ಕಚ್ಚಿಕೊಂಡ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇವರಿಬ್ಬರಿಗೂ ಬಾಯಿತ್ತು, ಏನು ಬಂತು?

ಎರಡು ತಿರುವು ದಾಟುವುದರಲ್ಲಿ ರೈತನ ಬೈಕೂ ನಿಂತಿತು. ವ್ಯಾಪಾರಿ ಸ್ಕೂಟರು ತಳ್ಳಿಕೊಂಡು ಅಲ್ಲಿಗೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು, ಜೊತೆಜೊತೆಗೇ ಗಾಡಿ ತಳ್ಳತೊಡಗಿದರು. ಬಿಸಿಲು ನೆತ್ತಿಗೆ ಏರುತ್ತಿತ್ತು. ದಾರಿಯುದ್ದಕ್ಕೂ ಮಾತಿಗೇನು ಬರವಿರಲಿಲ್ಲ. ಎಮ್ಮೆಯ ಕೆಚ್ಚಲು ಬಾವಿನ ಬಗ್ಗೆ ಮಾತಾಡಿದರು, ಈರುಳ್ಳಿಯ ಬಗ್ಗೆ ಮಾತಾಡಿದರು, ವ್ಯಾಪಾರಿಯ ಮಂಡಿನೋವಿಗೆ ರೈತ ಎಣ್ಣೆ ಕೂಡ ಹೇಳಿದ. ಅದೊಂದನ್ನು ಬಿಟ್ಟು ಎಲ್ಲ ಆಯಿತು. ದಾರಿ ಕವಲೊಡೆದಲ್ಲಿ ವ್ಯಾಪಾರಿ ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತ, ರೈತ ತನ್ನ ದಾರಿ ಹಿಡಿಯಲಿ ಎಂದು. ರೈತನೂ ಚಪ್ಪಲಿ ನೋಡಿಕೊಳ್ಳುತ್ತ ನಿಂತ, ಸಾವಕಾರರು ಮೊದಲು ಹೋಗಲಿ ಎಂದು. ಬಹಳ ಹೊತ್ತು ನಿಂತರು. ಕೊನೆಗೆ ಇಬ್ಬರೂ ಒಂದೇ ಕಡೆ ತಿರುಗಿದರು.

ಪೇಟೆ ಬಂತು. ಒಂದೇ ಬೀದಿ, ಒಂದೇ ಮನೆಯ ಮುಂದೆ ಇಬ್ಬರೂ ಸ್ಟ್ಯಾಂಡು ಹಾಕಿದರು. ಆಗ ಮುಖ ಮುಖ ನೋಡಿಕೊಂಡರು.

ರಾಹುಕಾಲ ಹತ್ತಿ ಎಷ್ಟೋ ಹೊತ್ತಾಗಿತ್ತು. ಹುಡುಗನ ತಾಯಿಯ ಕಡೆಯವರು ಬಸ್ಸಿನಲ್ಲಿ ಬಂದು, ಕೈಕಾಲು ತೊಳೆದು, ಜಮಖಾನೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಆದರೂ ಹುಡುಗನ ತಂದೆ ಧರ್ಮಿಷ್ಠ. ಇಬ್ಬರೂ ಅರ್ಧ ದಾರಿ ಗಾಡಿ ತಳ್ಳಿಕೊಂಡು ಬಂದದ್ದನ್ನು ಕೇಳಿ, ತಡವಾದರೆ ಆಗಲಿ, ಮೂರಕ್ಕೆ ಮುಂಚೆ ಒಳ್ಳೆಯ ಹೊತ್ತಿದೆ, ಮಗನ ಮನಸ್ಸೂ ಇಲ್ಲೇ ಇದೆ, ಕೂತುಕೊಳ್ಳಿ ಎಂದ. ರೈತನ ಕಡೆ ತಿರುಗಿ, ಈಗ ಹೇಳಪ್ಪ ಎಂದ. ರೈತ ಬೆವರು ಒರೆಸಿಕೊಂಡು, ಇಂಥ ಮನುಷ್ಯ ಈ ತಾಲ್ಲೂಕಿನಲ್ಲೇ ಇಲ್ಲ, ನಾವಿಬ್ಬರೂ ಒಡಹುಟ್ಟಿದವರಿಗಿಂತ ಹೆಚ್ಚು ಎಂದು ಬಾಯಿ ತುಂಬ ಹೇಳಿದ.

ಹುಡುಗನ ತಂದೆ ಬಾಗಿಲಲ್ಲಿ ನಿಂತಿದ್ದ ಎರಡು ಗಾಡಿಗಳನ್ನು ನೋಡಿದ. “ಹಾಗಾದರೆ ಒಂದೇ ಗಾಡಿಯಲ್ಲಿ ಯಾಕೆ ಬರಲಿಲ್ಲ?”

“ಇವರು ಇಲ್ಲಿಗೇ ಹೊರಟಿದ್ದಾರೆಂದು ನನಗೆ ಗೊತ್ತಿರಲಿಲ್ಲ,” ಎಂದ ರೈತ. ಅವನಿಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ.

“ನಿಮ್ಮಿಬ್ಬರ ನಡುವೆ ಇರುವುದು ಒಂದು ಗೋಡೆ. ಅರ್ಧ ದಾರಿ ಜೊತೆಗೇ ನಡೆದು ಬಂದಿದ್ದೀರಿ. ಆದರೂ ಅವನು ಎಲ್ಲಿಗೆ ಹೊರಟನೆಂಬುದೇ ನಿನಗೆ ಗೊತ್ತಿಲ್ಲ. ಅವನು ಎಂಥವನೆಂದು ನೀನು ನನಗೆ ಹೇಳುತ್ತೀಯಾ?”

ಇವರಲ್ಲಿ ಒಳಗೊಳಗೇ ಏನೋ ಜಗಳವಿದೆ, ಅದನ್ನು ಮುಚ್ಚಿಡುತ್ತಿದ್ದಾರೆ ಎಂದು ಹುಡುಗನ ತಂದೆಗೆ ಖಾತ್ರಿಯಾಯಿತು. ಎಲೆ ಅಡಿಕೆಯ ಮಾತೆತ್ತದೆ ಕೈಮುಗಿದು, ಊಟ ಮಾಡಿಕೊಂಡು ಹೋಗಿ ಎಂದ. ಊಟ ಮಾಡಿಕೊಂಡು ಹೋಗಿ ಎಂದರೆ ಏನರ್ಥವೆಂದು ವ್ಯಾಪಾರಿಗೆ ತಿಳಿಯದೆ? ಹೊಟ್ಟೆ ಬೆಳಗಿನಿಂದ ಖಾಲಿ. ಆದರೂ ಎಲೆಗೆ ಕೈಮುಗಿದು ಎದ್ದ.

ಗಾಡಿಗಳನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್ಸು ಹತ್ತಿದರು. ಕಂಡಕ್ಟರು ಎಲ್ಲಿಗೆ ಎಂದ. ವ್ಯಾಪಾರಿ ಊರ ಹೆಸರು ಹೇಳಿದವನೇ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಹಿಡಿದುಕೊಂಡು ಅತ್ತುಬಿಟ್ಟ. ಸಣ್ಣ ಮಕ್ಕಳು ಅಳುವ ಹಾಗೆ ಅತ್ತ. ರೈತ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ. ಊರು ಬರುವ ತನಕ ಕೈ ತೆಗೆಯಲಿಲ್ಲ.

ಮನೆಯಲ್ಲಿ ಮಗಳು ಅಪ್ಪನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದಳು. ಹೆಂಡತಿ ಸುಮ್ಮನಿರಲಿಲ್ಲ. “ಯಾವ ಪುಣ್ಯಾತ್ಮ ಅಡ್ಡ ಬಂದು ಎಲ್ಲಿಗೆ ಎಂದು ಕೇಳಿದ?” ಎಂದಳು.

“ಯಾರೂ ಕೇಳಲಿಲ್ಲ ಕಣೇ,” ಎಂದ ವ್ಯಾಪಾರಿ.

ಗುರುಗಳು ಕತೆ ನಿಲ್ಲಿಸಿದರು. ಕತೆ ಇಷ್ಟೇ ಎಂದು ಖಾತ್ರಿಯಾದ ಮೇಲೆ ಪರ್ವತಯ್ಯ, “ಹಾಗಾದರೆ ಗುರುಗಳೇ, ಟೈರಿನ ಗಾಳಿ?” ಎಂದ.

“ಗಾಳಿ ಹಾಕಿಸಪ್ಪ, ಬೇಡವೆಂದವರಾರು? ಆದರೆ ಗಾಡಿಗೆ ಏನು ಬೇಕೆಂದು ಪೇಟೆಯನ್ನೆಲ್ಲ ಕೇಳಿ ಬಂದವನು, ಮಠದಲ್ಲಿ ನಿನ್ನ ಪಕ್ಕದ ಕೋಣೆಯವನು ನಾಳೆ ಎಲ್ಲಿಗೆ ಹೊರಟಿದ್ದಾನೆಂದು ಒಂದು ಸಲವಾದರೂ ಕೇಳಿದ್ದೀಯೇನು?”