ದಣಿವಿನ ಬಂಡೆ

ಗೌಡ್ತಿಕೆರೆಯ ಮೂಡಣ ಏರಿಯ ಕೊನೆಯಲ್ಲಿ, ಅರ್ಧ ನೀರಿನಲ್ಲಿ ಅರ್ಧ ದಡದಲ್ಲಿ, ಮಲಗಿದ ಎಮ್ಮೆಯಂಥ ಒಂದು ಕರಿಬಂಡೆ ಇದೆ. ಅದರ ಹೆಸರು ದಣಿವಿನ ಬಂಡೆ. ಏರಿಯ ಉದ್ದಕ್ಕೂ ನಡೆದು ಬಂದ ಹೊರಗಿನವರು ಅದರ ಮೇಲೆ ಕೂತು, ಬೆವರೊರೆಸಿಕೊಂಡು, ಈ ಹೆಸರು ತಮಗಾಗಿಯೇ ಇಟ್ಟದ್ದೆಂದು ತಿಳಿಯುತ್ತಾರೆ. ತಿಳಿಯಲಿ, ಪಾಪ. ಬೆಸ್ತರ ಕೇರಿಯ ಹಿರಿಯರನ್ನು ಕೇಳಿದರೆ ಮಾತ್ರ ಅದು ದಾರಿ ನಡೆದವರ ದಣಿವಲ್ಲ, ಮಂಚಯ್ಯನ ದಣಿವು ಎನ್ನುತ್ತಾರೆ.

ಹಿಂದೆ ಒಮ್ಮೆ, ಕೆರೆಗೆ ಕಲ್ಲಿನ ತೂಬು ಇಟ್ಟ ಹೊಸತರಲ್ಲಿ, ಬೆಸ್ತರಲ್ಲೊಂದು ಕಟ್ಟುಪಾಡಿತ್ತು. ಚಳಿಗಾಲವಿಡೀ ಯಾರೂ ಕೆರೆಗೆ ಬಲೆ ಇಳಿಸುವಂತಿಲ್ಲ. ಶಿವರಾತ್ರಿ ಕಳೆದ ಮೇಲೆ ಕೇರಿಯ ಹಿರಿಯ ಮೊದಲ ಬಲೆ ಬೀಸಬೇಕು. ಅದರಲ್ಲಿ ಒಂದು ಗೆಂಡೆಮೀನು ಬಂದು, ಅದನ್ನು ಗಂಗಮ್ಮನಿಗೆ ತೋರಿಸಿದ ಮೇಲೆಯೇ ಉಳಿದವರ ಬಲೆ ಒದ್ದೆಯಾಗಬೇಕು. ಒಮ್ಮೆ ಹಿರಿಯನಾದವನು ಸಾಯುವತನಕ ಹಿರಿಯನೇ. ಮಂಚಯ್ಯ ಮೂವತ್ತೆಂಟು ವರ್ಷ ಬೀಸಿದ್ದ. ಮೂವತ್ತೊಂಬತ್ತನೆಯ ವರ್ಷ ಚಳಿಯೇನೋ ಶಿವಶಿವಾ ಎಂದು ಹೋಯಿತು, ಕೆರೆಯ ತಳ ಬೆಚ್ಚಗಾಗಲಿಲ್ಲ. ಗೆಂಡೆಗಳು ಆಳದ ಕೆಸರು ಬಿಟ್ಟು ಏಳಲಿಲ್ಲ. ಅಲ್ಲಿಗೆ ಎಸೆಯುವ ಕಸುವು ಮುದುಕನ ರಟ್ಟೆಯಲ್ಲಿರಲಿಲ್ಲ. ಬಲೆ ಅರಳದೆ ಒದ್ದೆ ಕಂಬಳಿಯಂತೆ ಕಾಲಬುಡದಲ್ಲೇ ಬೀಳುತ್ತಿತ್ತು. ಎಂಟು ದಿನ ಹೀಗೇ ಕಳೆಯಿತು. ಕೇರಿಯಲ್ಲಿ ಮಕ್ಕಳಿಗೆ ಬರೀ ಸೊಪ್ಪು ಬೇಯಿಸಿದ ನೀರು. ದಡದಲ್ಲಿ ನಿಂತವರು ಯಾರೂ ಏನೂ ಅನ್ನುತ್ತಿರಲಿಲ್ಲ, ಅದೇ ಅವನನ್ನು ಹೆಚ್ಚು ದಣಿಸಿತು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ನನ್ನಿಂದಾಗದು ಎಂಬ ಮಾತು ದಿನವೂ ನಾಲಗೆಯ ತುದಿಗೆ ಬರುತ್ತಿತ್ತು, ದಿನವೂ ನುಂಗುತ್ತಿದ್ದ. ಆ ದಡದಲ್ಲಿ ಅಂಥ ಮಾತನ್ನು ಯಾವ ಹಿರಿಯನೂ ಆಡಿರಲಿಲ್ಲ.

ಎಳೆದ ಬಲೆಯನ್ನು ಬಂಡೆಯ ಮೇಲೆ ಕೊಡವುವುದು ಮನೆಯ ಸೊಸೆಯ ಕೆಲಸ. ಒಂಬತ್ತನೆಯ ಬೆಳಗ್ಗೆ ಸೊಸೆ ಸಣ್ಣತಾಯಿ ಬಗ್ಗಿ ಕೊಡವಿದಾಗ ಮೊಳದುದ್ದದ ಗೆಂಡೆಯೊಂದು ಪಟಪಟ ಬಡಿದುಕೊಂಡಿತು. ಕೇರಿಯೇ ಉಸಿರು ಬಿಟ್ಟಿತು. ಮಂಚಯ್ಯ ಮೀನನ್ನು ಎತ್ತಿಕೊಂಡ. ಆ ತಿಂಗಳಲ್ಲಿ ಕೆರೆಯ ಮೀನು ಕೈ ಕೊರೆಯುವಷ್ಟು ತಣ್ಣಗಿರುತ್ತದೆ. ಇದು ಬೆಚ್ಚಗಿತ್ತು, ಒಲೆಬದಿಯ ಗಡಿಗೆಯ ನೀರಿನಲ್ಲಿಟ್ಟ ಮೀನು. ತೂಬಿನ ಹೊರಗಿನ ಗುಂಡಿಯಲ್ಲಿ ಹಿಡಿದದ್ದನ್ನು ಸಣ್ಣತಾಯಿ ಮಡಿಲಲ್ಲಿ ಮುಚ್ಚಿ ತಂದು, ಬಗ್ಗಿದಾಗ ಬಲೆಗೆ ಸೇರಿಸಿದ್ದಳು. ಅವಳು ತಲೆ ಎತ್ತಲಿಲ್ಲ. ಸುಮ್ಮನಿದ್ದರೆ ಇವತ್ತು ಎಲ್ಲರ ಮನೆಯಲ್ಲೂ ಸಾರು ಕುದಿಯುತ್ತದೆ, ಬರುವ ವರ್ಷ ಮತ್ತೆ ಅದೇ ಬಲೆ, ಅದೇ ರಟ್ಟೆ, ಅದೇ ಸುಳ್ಳು. ನಿಜ ಹೇಳಿದರೆ ಗಂಗಮ್ಮನಿಗೆ ಮೋಸ ಮಾಡಿದವಳೆಂದು ಅವಳನ್ನು ಕೇರಿಯಿಂದ ಹೊರಗೆ ಹಾಕುತ್ತಾರೆ. ಮುದುಕ ಮೀನನ್ನು ನೀರಿಗೆ ಬಿಟ್ಟುಬಿಟ್ಟ.

"ಇದು ಬಲೇಗೆ ಬಿದ್ದಿದ್ದಲ್ಲ ಕಣ್ರಪ್ಪ. ನಾನೇ ಸೊಸೆ ಕೈಲಿ ತರ್ಸಿದ್ದು, ತಪ್ಪು ನಂದು," ಎಂದ. "ನಂಗೆ ಸುಸ್ತಾಗೈತೆ. ಮೂರು ವರ್ಸದಿಂದ್ಲೂ ಸುಸ್ತಾಗೈತೆ."

"ಮಾವಯ್ಯ, ನಾನು..." ಎಂದಳು ಸಣ್ಣತಾಯಿ.

"ಸುಮ್ಕಿರವ್ವ." ಬಲೆಯನ್ನು ಬಂಡೆಯ ಮೇಲಿಟ್ಟು ಪಕ್ಕದಲ್ಲೇ ಕುಳಿತ. "ಯಾರ ರಟ್ಟೆ ಆಡ್ತದೋ ಅವ್ರು ಎತ್ಕಳಿ."

ಬಲೆ ಎತ್ತಿದವಳು ಸಣ್ಣತಾಯಿಯೇ. ಎದೆಮಟ್ಟದ ನೀರಿಗಿಳಿದು ಆಳಕ್ಕೆ ಬೀಸಿದಳು, ಮೂರನೆಯ ಸಲಕ್ಕೆ ಬಂದ ಗೆಂಡೆಯನ್ನು ತಂದು ಮಾವನ ಕೈಗೆ ಕೊಟ್ಟಳು ಎನ್ನುತ್ತಾರೆ. ಅದು ತಣ್ಣಗಿತ್ತು.

ಈಗಲೂ ಹೊಂಗೆ ಚಿಗುರುವ ಹೊತ್ತಿಗೆ, ಮೊದಲ ಬಲೆಯ ದಿನ, ಎಲ್ಲರೂ ಬಲೆಗಳನ್ನು ಮೊದಲು ಈ ಬಂಡೆಯ ಮೇಲಿಡುತ್ತಾರೆ. "ಯಾರಿಗೆ ಸುಸ್ತಾಗೈತೆ?" ಎಂದು ಒಮ್ಮೆ ಕೇಳುತ್ತಾರೆ. ನನಗೆ ಎಂದವರು ಬಂಡೆ ಹತ್ತಿ ಕೂರುತ್ತಾರೆ. ಸಂಜೆ ಅವರಿಗೂ ನೀರಿಗಿಳಿದವರಷ್ಟೇ ಮೀನು ಸಿಗುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ. ಬಂಡೆಯ ನೆತ್ತಿ ಕಡೆದಿಟ್ಟಷ್ಟು ನುಣುಪಾಗಿದೆ. ನೋಡಲು ಬಂದವರು ಕೆರೆಯ ನೀರು ಸವೆಸಿದ್ದೆಂದುಕೊಳ್ಳುತ್ತಾರೆ. ಕೋಡಿ ಬಿದ್ದ ವರ್ಷವೂ ನೀರು ಅಲ್ಲಿಯತನಕ ಏರುವುದಿಲ್ಲ.