ತಲೆ ಹಿಡಿದುಕೊಂಡ ಅಜ್ಜಿ

“ಆಚಾರ್ರೇ, ಫೋಕಸ್ ನಿಲ್ಲದ ಕ್ಯಾಮೆರಾ ಕೈಗೆ ಬಂದರೆ ದೋಷವನ್ನು ಮೊದಲು ಎಲ್ಲಿ ಹುಡುಕಬೇಕು? ಲೆನ್ಸಿನಲ್ಲೋ, ಕ್ಯಾಮೆರಾದಲ್ಲೋ?” ಎಂದು ತಿಪ್ಪೇಶ ಕೇಳಿದ.

ಮೌನೇಶಾಚಾರ್ಯರು ಕ್ಯಾಮೆರಾ ರಿಪೇರಿ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ತಿಪ್ಪೇಶ ಅವರ ಬಳಿ ಕೆಲಸ ಕಲಿಯಲು ಬಂದು ಎರಡು ವರ್ಷವಾಗಿತ್ತು. ಅವರು ಉತ್ತರ ಹೇಳುವ ಮೊದಲೇ ಅವನೇ ಮುಂದುವರಿಸಿದ.

“ನಾನಂತೂ ಮೊದಲು ಗಿರಾಕಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತೇನೆ. ನೂರಕ್ಕೆ ತೊಂಬತ್ತು ಸಲ ತಪ್ಪು ಅವರದ್ದೇ ಇರುತ್ತದೆ. ಹಿಡಿಯಲು ಬರುವುದಿಲ್ಲ, ಒತ್ತಲು ಬರುವುದಿಲ್ಲ. ಆಮೇಲೆ ಲೆನ್ಸ್ ಕೆಟ್ಟಿದೆ ಎಂದು ಹೊತ್ತುಕೊಂಡು ಬರುತ್ತಾರೆ.”

ಆಚಾರ್ಯರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದರು.

“ಮುಚ್ಚು ಬಾಯಿ. ಕೂತುಕೋ ಇಲ್ಲಿ. ಎರಡು ವರ್ಷ ನನ್ನ ಮುಂದೆ ಕೂತು ಕಲಿತದ್ದು ಇದನ್ನೇ ಏನು? ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಜಾಣತನ ತೋರಿಸಬೇಡ.

“ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಹೆಸರು ಬೇಡ. ಹೇಳಿದರೆ ನನ್ನ ಬಾಯಿ ಹೊಲಸಾಗುತ್ತದೆ. ಕೆಲಸ ಬಲ್ಲವನು, ಅದನ್ನು ಇಲ್ಲ ಅನ್ನುವುದಿಲ್ಲ. ಹೊಸದಾಗಿ ಒಂದು ಜೂಮ್ ಲೆನ್ಸ್ ಕೊಂಡಿದ್ದ. ದೂರ ನಿಂತು ಮುಖವನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಲೆನ್ಸ್. ಗುಂಡಿಯನ್ನು ಅರ್ಧ ಒತ್ತಿದರೆ ಸಾಕು, ತಾನೇ ಫೋಕಸ್ ಹಿಡಿದು ಕೀ ಅನ್ನುತ್ತಿತ್ತು. ಅದನ್ನು ಕುತ್ತಿಗೆಗೆ ಹಾಕಿಕೊಂಡು ಬೀದಿಯಲ್ಲಿ ನಡೆದರೆ ಅವನ ಗತ್ತೇ ಬೇರೆ.

“ಆಯುಧಪೂಜೆ ಬಂತು. ಎಲ್ಲರೂ ತಮ್ಮ ತಮ್ಮ ಹತಾರಗಳಿಗೆ ಪೂಜೆ ಮಾಡುತ್ತಾರೆ, ಇವನೂ ಕ್ಯಾಮೆರಾಕ್ಕೆ ಮಾಡಿದ. ಮಾಡಲಿ, ಬೇಡ ಅಂದವರು ಯಾರು? ಗಾಜಿಗೆ ಗಂಧ ಹಚ್ಚಬಾರದು ಎನ್ನುವಷ್ಟು ಬುದ್ಧಿ ಅವನಿಗಿತ್ತು. ಹೊರಗಡೆ ಹಚ್ಚಿದರೆ ಕೈಗೆ ಅಂಟುತ್ತದೆ, ದೊಡ್ಡ ದೊಡ್ಡ ಗಿರಾಕಿಗಳ ಮುಂದೆ ಚೆನ್ನಾಗಿ ಕಾಣುವುದಿಲ್ಲ. ಅದಕ್ಕೆ ಲೆನ್ಸನ್ನು ಬಿಚ್ಚಿದ. ಅದು ಕ್ಯಾಮೆರಾಕ್ಕೆ ಕೂರುವ ಹಿಂಬದಿಯ ಬಳೆಗೆ ಗಂಧ ಸವರಿ, ಮೇಲೊಂದು ಕುಂಕುಮದ ಬೊಟ್ಟಿಟ್ಟ. ಪೂಜೆಯೂ ಆಯಿತು, ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ತೆ ತಿರುಗಿಸಿ ಕೂರಿಸಿದ. ಆ ಬಳೆಯ ಒಳಗೆ ಸಾಲಾಗಿ ಚಿನ್ನದ ಬಣ್ಣದ ಪುಟ್ಟ ಚುಕ್ಕೆಗಳಿರುತ್ತವೆ. ಕ್ಯಾಮೆರಾ ಹೇಳಿದ್ದು ಲೆನ್ಸಿಗೆ ಮುಟ್ಟುವುದು ಆ ಚುಕ್ಕೆಗಳಿಂದ. ಗಂಧ ಅಲ್ಲಿಗೆ ಇಳಿದು ಒಣಗಿ ಕೂತಿತು. ಆ ಚುಕ್ಕೆಗಳನ್ನು ನಿನಗೆ ಎಷ್ಟು ಸಲ ತೋರಿಸಿದ್ದೇನೆ?”

“ಬಹಳ ಸಲ” ಎಂದ ತಿಪ್ಪೇಶ.

“ಹಾಂ. ಅದೇ ವಾರ ಒಂದು ಮನೆಯಿಂದ ಅವನಿಗೆ ಕರೆ ಬಂತು. ಆ ಮನೆಯಲ್ಲಿ ಒಬ್ಬ ಅಜ್ಜಿ, ತೊಂಬತ್ತರ ಹತ್ತಿರ ವಯಸ್ಸು. ಅವಳ ಮೊಮ್ಮಗನಿಗೆ ಮಗ ಹುಟ್ಟಿದ್ದ. ಮರಿಮಗನನ್ನು ಕಂಡ ಹಿರಿಯರನ್ನು ಮಣೆಯ ಮೇಲೆ ಕೂರಿಸಿ, ಮಗುವನ್ನು ಮಡಿಲಲ್ಲಿಟ್ಟು, ತಲೆಯ ಮೇಲೆ ಜರಡಿ ಹಿಡಿದು ಬಂಗಾರದ ಪುಟ್ಟ ಹೂಗಳನ್ನು ಸುರಿಯುವುದು ಆ ಮನೆಯ ಪದ್ಧತಿ. ಎಷ್ಟು ಜನರಿಗೆ ಸಿಗುತ್ತದೆ ಹೇಳು ಆ ಭಾಗ್ಯ?

“ಅಜ್ಜಿಗೆ ತನ್ನದು ಅನ್ನುವ ಒಂದು ಪಟ ಇರಲಿಲ್ಲ. ಮದುವೆಯಲ್ಲಿ ತೆಗೆಸಿರಲಿಲ್ಲ, ಆಮೇಲೆ ಯಾರಿಗೂ ನೆನಪಾಗಲಿಲ್ಲ. ರೇಷನ್ ಕಾರ್ಡಿನಲ್ಲಿ ಹೆಬ್ಬೆರಳಿನಷ್ಟು ಒಂದು ಮುಖವಿತ್ತು, ಅದು ಯಾರದ್ದೆಂದು ಅವಳಿಗೇ ಗುರುತು ಸಿಗುತ್ತಿರಲಿಲ್ಲ. ‘ಮಗೂ ಜೊತೆ ನಂದೂ ಒಂದು ಪಟ ಆಗ್ಲಿ. ದೊಡ್ಡೋನಾದ ಮೇಲೆ ಇವಳೇ ನಮ್ಮ ಮುತ್ತಜ್ಜಿ ಅಂತ ನೋಡ್ಲಿ’ ಎಂದು ತಿಂಗಳಿಂದ ಮನೆಯವರ ಬೆನ್ನು ಬಿದ್ದಿದ್ದಳು. ಅವತ್ತು ಎಲ್ಲರಿಗಿಂತ ಮೊದಲು ಎದ್ದು, ಪೆಟ್ಟಿಗೆಯ ತಳದಿಂದ ಸೀರೆ ತೆಗೆಸಿ ಉಟ್ಟು, ಫೋಟೋದವನು ಬಂದನೇ ಬಂದನೇ ಎಂದು ಕೇಳುತ್ತ ಕೂತಳು.

“ಅವಳ ತಲೆ ನಡುಗುತ್ತಿತ್ತು. ವಯಸ್ಸಿನ ನಡುಕ. ಬೇಡ ಬೇಡ ಅನ್ನುವವರ ಹಾಗೆ ಸಣ್ಣಗೆ ಆಡುತ್ತಿತ್ತು, ಅಷ್ಟೆ. ನಿತ್ಯ ನೋಡುವ ಮನೆಯವರಿಗೆ ಅದು ಕಣ್ಣಿಗೆ ಬೀಳುವುದೇ ನಿಂತಿತ್ತು. ಅವಳಿಗಂತೂ ತನ್ನ ತಲೆ ನಡುಗುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ.

“ಆರತಿ ಆಯಿತು. ಜರಡಿ ಹಿಡಿದರು. ಇವನು ದೂರ ನಿಂತು ಲೆನ್ಸ್ ಎಳೆದು ಗುಂಡಿ ಒತ್ತಿದ. ಲೆನ್ಸ್ ಗರ್ ಎಂದು ಮುಂದೆ ಹೋಯಿತು, ಗರ್ ಎಂದು ಹಿಂದೆ ಬಂತು, ಎಲ್ಲೂ ನಿಲ್ಲಲಿಲ್ಲ. ಮತ್ತೆ ಒತ್ತಿದ, ಮತ್ತೆ ಅದೇ. ಈಗ ನೀನು ಹೇಳು. ಏನು ಮಾಡಬೇಕಿತ್ತು?”

“ಆಟೋ ಫೋಕಸ್ ಸ್ವಿಚ್ ಸರಿದಿದೆಯೇ ನೋಡಬೇಕಿತ್ತು. ತೀರ ಹತ್ತಿರವಿದ್ದರೆ ಹಿಂದೆ ಸರಿಯಬೇಕಿತ್ತು. ಬೆಳಕು ಸಾಲದಿದ್ದರೆ ಕಿಟಕಿ ತೆಗೆಸಬೇಕಿತ್ತು. ಲೆನ್ಸ್ ಬಿಚ್ಚಿ ಹಿಂಬದಿ ಒರೆಸಬೇಕಿತ್ತು. ಯಾವುದೂ ಆಗದಿದ್ದರೆ ಕೈಯಿಂದಲೇ ಫೋಕಸ್ ತಿರುಗಿಸಿಕೊಳ್ಳಬೇಕಿತ್ತು.”

“ನಿನಗೆ ಗೊತ್ತು. ಅವನಿಗೂ ಗೊತ್ತಿತ್ತು. ಮಾಡಿದನೇ? ಸುಡುಗಾಡು! ಅಡ್ಡ ಬರುತ್ತೀರಿ ಎಂದು ಜರಡಿ ಹಿಡಿದವರನ್ನು ಬೈದ. ಅವರು ಸರಿದರು. ದೀಪ ಮಂಕು ಎಂದ. ಓಡಿಹೋಗಿ ಇನ್ನೊಂದು ದೀಪ ತಂದರು. ಮಗು ಒದ್ದಾಡುತ್ತದೆ ಎಂದ. ತಾಯಿ ಬಂದು ಮಗುವಿನ ಕಾಲು ಹಿಡಿದುಕೊಂಡಳು. ಆಗಲೂ ಲೆನ್ಸ್ ಗರ್ ಗರ್ ಅನ್ನುತ್ತಲೇ ಇತ್ತು. ಇಷ್ಟು ಜನರ ಮುಂದೆ ಮಾನ ಹೋಗುತ್ತಿದೆ ಅನ್ನಿಸಿತು ಅವನಿಗೆ. ಕೊನೆಗೆ ಅಜ್ಜಿಯ ಮೇಲೆ ಹರಿಹಾಯ್ದ. ‘ಏ ಅಜ್ಜಿ! ತಲೆ ಯಾಕೆ ಹಂಗೆ ಅಲ್ಲಾಡಿಸ್ತೀಯ? ಒಂದು ನಿಮಿಷ ನೆಟ್ಟಗೆ ಕೂರೋಕಾಗಲ್ವಾ? ನಿನ್ನಿಂದ ಎಲ್ಲಾ ಹಾಳಾಗ್ತಿದೆ!’ ಎಂದು ಕೂಗಿದ.

“ಅಜ್ಜಿ ಬೆಚ್ಚಿಬಿದ್ದಳು. ‘ನನ್ನ ತಲೆ ಅಲ್ಲಾಡ್ತದಾ?’ ಎಂದು ಪಕ್ಕದಲ್ಲಿದ್ದ ಮಗನನ್ನು ಕೇಳಿದಳು. ಮಗ ನೆಲ ನೋಡಿದ. ಸೊಸೆಯ ಮುಖ ನೋಡಿದಳು. ಸೊಸೆ ಸೆರಗು ಸರಿಮಾಡಿಕೊಂಡಳು. ಅಲ್ಲಿಗೆ ಅವಳಿಗೆ ತಿಳಿಯಿತು.

“ಅವಳು ಮಡಿಲಿನಿಂದ ಮಗುವನ್ನು ಎತ್ತಿ ಅದರ ತಾಯಿಯ ಕೈಗೆ ಕೊಟ್ಟಳು. ಆಮೇಲೆ ಎರಡೂ ಕೈಯಿಂದ ತನ್ನ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ‘ಈಗ ತೆಗಿಯಪ್ಪ. ಈಗ ಅಲ್ಲಾಡಲ್ಲ’ ಎಂದಳು.”

ಆಚಾರ್ಯರು ಎದ್ದು ನಿಂತರು. ಅವರ ದನಿ ಏರಿತು.

“ಕೇಳಿದೆಯಾ? ಯಾವ ಮಗುವಿನ ಜೊತೆ ಪಟ ಬೇಕೆಂದು ತಿಂಗಳಿಂದ ಕಾದಿದ್ದಳೋ ಆ ಮಗುವನ್ನೇ ಮಡಿಲಿನಿಂದ ಇಳಿಸಿ, ತಪ್ಪು ಮಾಡಿದವಳ ಹಾಗೆ ತಲೆ ಹಿಡಿದುಕೊಂಡು ಕೂತಳು. ಮನೆ ತುಂಬ ಜನ ನಿಂತಿದ್ದರು ಕಣಯ್ಯಾ. ಹೊಟ್ಟೆಗೆ ಅನ್ನ ತಿನ್ನುವವರೇ. ‘ಏಯ್, ಮೊದಲು ನಿನ್ನ ಲೆನ್ಸ್ ನೋಡಿಕೋ’ ಅನ್ನಲು ಒಬ್ಬನಿಗೂ ನಾಲಗೆ ಇರಲಿಲ್ಲ. ಫೋಟೋದವನು ಬಲ್ಲವನು, ಅವನು ಹೇಳಿದ ಮೇಲೆ ಇದ್ದರೂ ಇರಬಹುದು ಅಂದುಕೊಂಡರು. ಕೆಲಸ ಬಲ್ಲವನ ಬಾಯಿಗೆ ಅಷ್ಟು ಬೆಲೆ ಕೊಡುತ್ತಾರೆ ಜನ. ಆ ಬೆಲೆಗೆ ಬೆಂಕಿ ಹಾಕ!

“ಅವತ್ತು ಅವನು ತೆಗೆದದ್ದರಲ್ಲಿ ಒಂದೂ ನೆಟ್ಟಗೆ ಬರಲಿಲ್ಲ. ಅಂಗಡಿಗೆ ಹೋಗಿ ಲೆನ್ಸ್ ಬಿಚ್ಚಿದ. ಬಳೆಯ ಮೇಲೆ ಕೆಂಪಗೆ ಕುಂಕುಮ ಕಂಡಿತು. ಒಣ ಬಟ್ಟೆಯಲ್ಲಿ ಆ ಚುಕ್ಕೆಗಳನ್ನು ಒರೆಸಿದ. ತಿರುಗಿಸಿ ಕೂರಿಸಿ ಗೋಡೆಯ ಗಡಿಯಾರಕ್ಕೆ ಹಿಡಿದ. ಕೀ ಎಂದಿತು. ಒಂದು ನಿಮಿಷದ ಕೆಲಸ. ಅವನಿಗೆ ಬಹಳ ನಾಚಿಕೆಯಾಯಿತಂತೆ. ಆಗಲಿ, ಇನ್ನೂ ಆಗಲಿ.

“ಮಾರನೆಯ ದಿನ ಕ್ಯಾಮೆರಾ ತೆಗೆದುಕೊಂಡು ಆ ಮನೆಗೆ ಹೋದ. ‘ಅಜ್ಜೀ, ತಪ್ಪು ನನ್ನ ಲೆನ್ಸಿನದು. ನಿಮ್ಮದೇನೂ ಇಲ್ಲ. ಬನ್ನಿ, ಮಗೂನ ಎತ್ಕೊಂಡು ಕೂತ್ಕೊಳ್ಳಿ’ ಎಂದು ಕೈಮುಗಿದ. ಅಜ್ಜಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ‘ಬೇಡಪ್ಪ. ನಾನು ಮುದುಕಿ, ನೊಂದ್ಕೋತೀನಿ ಅಂತ ನೀನು ಹಂಗೆ ಹೇಳ್ತೀಯ. ಅವರೆಲ್ಲರದ್ದೂ ತೆಗಿ. ಮಗೂದು ಚೆನ್ನಾಗಿ ಬರ್ಲಿ’ ಎಂದು ಒಳಗೆ ಹೋದಳು. ಮಗ ಕರೆದ. ಮೊಮ್ಮಗ ಕಾಲು ಹಿಡಿದ. ಅವಳು ಹೊರಗೆ ಬರಲಿಲ್ಲ.

“ಆಮೇಲೆ ಎರಡು ವರ್ಷ ಬದುಕಿದಳು. ಮನೆಯಲ್ಲಿ ಯಾರಾದರೂ ಮೊಬೈಲು ಎತ್ತಿದರೆ ಸಾಕು, ‘ನಾನು ಇದ್ರೆ ಹಾಳಾಗ್ತದೆ’ ಎಂದು ಎದ್ದು ಹೋಗುತ್ತಿದ್ದಳು. ನೆಂಟರು ಬಂದರೆ ಗೋಡೆಗೆ ತಲೆ ಒತ್ತಿಕೊಂಡು ಕೂರುತ್ತಿದ್ದಳು. ಮಗು ತೊಡೆಯೇರಲು ಬಂದರೆ ಸುತ್ತ ಯಾರಿದ್ದಾರೆ ಎಂದು ನೋಡಿಕೊಂಡು ಎತ್ತಿಕೊಳ್ಳುತ್ತಿದ್ದಳು. ಅವಳು ಹೋದ ದಿನ ಗೋಡೆಗೆ ಹಾಕಲು ಮನೆಯವರಿಗೆ ಒಂದು ಪಟ ಸಿಗಲಿಲ್ಲ.”

ಆಚಾರ್ಯರು ಕೂತು ನೀರು ಕುಡಿದರು. ತಿಪ್ಪೇಶ ತಡೆದು ತಡೆದು ಹೇಳಿದ.

“ತಡವಾಗಿಯಾದರೂ ಅವನಿಗೆ ದೋಷ ಎಲ್ಲಿದೆ ಎಂದು ತಿಳಿಯಿತಲ್ಲ, ಆಚಾರ್ರೇ.”

“ದೋಷ ಇದ್ದದ್ದು ಲೆನ್ಸಿನಲ್ಲಿ ಕಣಯ್ಯಾ, ಅದನ್ನು ಹೊತ್ತುಕೊಂಡು ಹೋದವಳು ಅಜ್ಜಿ.”